ಜುಲು ದೊರೆಯ ಅಳು

"ಇದು ಸತ್ಯಕಥೆ ಸ್ವಾಮಿ, ಕಟ್ಟುಕತೆಯಲ್ಲ. ದೊರೆಯ ಹೆಸರು ಶಾಕಾ, ಆದರೆ ಶಾಕಾಹಾರಿಯಲ್ಲ. ಜುಲು ಜನಕ್ಕೆ ದೊರೆಯಾದ ಮೇಲೆ ಅಷ್ಟಿಷ್ಟು ಜುಲುಮೆ ಮಾಡದಿದ್ದರೆ ಹೇಗೆ?" ಎಂದು ಜಯತೀರ್ಥ ಬಾತ್‌ರೂಮಿನ ಕನ್ನಡಿಗೆ ಹೇಳಿ, ನಗು ಬರಬೇಕಾದ ಜಾಗದಲ್ಲಿ ರೂಢಿಯಂತೆ ಸ್ವಲ್ಪ ನಿಂತ. ಕನ್ನಡಿಯಲ್ಲಿದ್ದವನು ನಗಲಿಲ್ಲ. ಅರ್ಧ ಗಡ್ಡ ಹೆರೆದು ಇನ್ನರ್ಧಕ್ಕೆ ನೊರೆ ಮೆತ್ತಿಕೊಂಡ ಆ ಮುಖ, ಗೋಡೆಯಾಚೆಯ ಯಾರದೋ ಮಾತನ್ನು ಕದ್ದು ಕೇಳುವವನ ಮುಖದಂತೆ ಒಂದು ಕಡೆಗೆ ವಾಲಿತ್ತು. ನಾಳೆ ನಾಟಕ. ಇವತ್ತು ಮಧ್ಯಾಹ್ನ ವೇಷ ಕಟ್ಟಿಕೊಂಡು ಕೊನೆಯ ರಿಹರ್ಸಲ್. ಸಿಂಗಪುರದ ಈ ಸಣ್ಣ ಕನ್ನಡ ಬಳಗದಲ್ಲಿ ನಾಟಕ ಬರೆಯುವವನು, ಆಡಿಸುವವನು, ದೊರೆಯ ಪಾತ್ರ ಮಾಡುವವನು ಮೂವರೂ ತಾನೇ ಆಗಿ ಎಷ್ಟೋ ವರ್ಷಗಳಾಗಿದ್ದವು. ಬ್ಯಾಂಕಿನಲ್ಲಿ ಅವನ ಮಾತಿಗೆ ತಲೆ ಎತ್ತದವರೇ ಇದ್ದರೂ ಬಳಗದಲ್ಲಿ ಅವನು ಬಾಯಿ ತೆರೆಯುವ ಮೊದಲೇ ಜನ ನಗಲು ಸಿದ್ಧರಾಗಿ ಕೂರುತ್ತಿದ್ದರು. ಆ ಸಿಂಹಾಸನ ಇವತ್ತು ಒಬ್ಬನ ನಾಲಿಗೆಯ ತುದಿಯಲ್ಲಿತ್ತು. ನಾಟಕದಲ್ಲಿ ಸೇವಕನ ಪಾತ್ರ ಮಾಡುವ ಸಂಗನಬಸಪ್ಪ ಎಲ್ಲರೆದುರು 'ದೊರೆ ಅಳುವ ಈ ಅಳು ನನ್ನದು' ಅಂದುಬಿಟ್ಟರೆ ಮುಗಿಯಿತು. ಆಮೇಲೆ ಯಾವ ಮುಖ ಹೊತ್ತು ಯಾರೆದುರು ಯಾರ ದನಿ ತೆಗೆಯುವುದು? "ಅಪ್ಪಾ, ಫಾಸ್ಟ್ ಲಾ! ನಂಗೆ ಟ್ಯೂಷನ್ ಇದೆ" ಎಂದು ಮಗಳು ಶ್ರೀಯಾ ಬಾಗಿಲು ಬಡಿದಾಗ ಬ್ಲೇಡು ಜಾರಿ ಗದ್ದದ ಕೆಳಗೆ ಚುರ್ ಎಂದಿತು. ತೆಳ್ಳನೆಯ ಕೆಂಪು ಗೆರೆ ನೊರೆಯೊಳಗೆ ಇಳಿಯುವುದನ್ನು ಅವನು ಬೇರೆಯವರ ರಕ್ತವೆಂಬಂತೆ ನೋಡಿದ.

ಸಂಗನಬಸಪ್ಪನ ಮನೆಯಿದ್ದ ಬೂನ್ ಲೇ ಕಡೆಯ ರೈಲು ಹತ್ತಿ ಬಾಗಿಲ ಪಕ್ಕದ ಗಾಜಿಗೆ ಒರಗಿ ನಿಂತಾಗಲೂ ಗದ್ದ ಉರಿಯುತ್ತಲೇ ಇತ್ತು. ಎಂಆರ್‌ಟಿಯ ಹೆಣ್ಣುದನಿ ಮುಂದಿನ ನಿಲ್ದಾಣದ ಹೆಸರು ಹೇಳಿತು. ಆ ದನಿಯನ್ನು ಅವನು ಅದಕ್ಕಿಂತ ಚೆನ್ನಾಗಿ ತೆಗೆಯಬಲ್ಲ. ಚಿಕನ್ ರೈಸ್ ಅಂಗಡಿಯ ಮುದುಕಿಯ ದನಿ, ಬ್ಯಾಂಕಿನ ಬಾಸಿನ ಮೂಗುದನಿ, ಭಟ್ಟರ ಸಂಕಲ್ಪ, ಎಲ್ಲ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಸಂಗನಬಸಪ್ಪನದೂ ಇತ್ತು. ಬಾಗಲಕೋಟೆ ಕಡೆಯಿಂದ ಹೊಸದಾಗಿ ಬಂದು ಮೊದಲ ಸಲ ಯುಗಾದಿ ಊಟಕ್ಕೆ ಕೂತವನು "ಅನ್ನ ನೀಡ್ರಿ" ಅಂದಿದ್ದ. "ನೀಡೋದಾ? ಇದೇನ್ ಸಂಗಣ್ಣಾ, ಅನ್ನದಾನಾನಾ? ಭವತಿ ಭಿಕ್ಷಾಂ ದೇಹಿ ಅನ್ನಿ, ನೀಡ್ತೀವಿ" ಎಂದು ಜಯತೀರ್ಥ ಅದೇ ರಾಗದಲ್ಲಿ ಎಳೆದಾಗ ಇಡೀ ಪಂಕ್ತಿ ನಕ್ಕಿತ್ತು. ಸಂಗನಬಸಪ್ಪನೂ ನಕ್ಕಿದ್ದ, ಕಿವಿ ಕೆಂಪಗಾಗಿದ್ದವು. ಮುಂದಿನ ಹಬ್ಬದ ಹೊತ್ತಿಗೆ ಅವನು "ಅನ್ನ ಹಾಕಿ" ಅನ್ನಲು ಕಲಿತಿದ್ದ. ಅದಾದ ಮೇಲೆ ಬಳಗದಲ್ಲಿ ಅವನ ಬಾಯಿಂದ ಅವನ ಊರಿನ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಜಯತೀರ್ಥ ಕೇಳಿದ್ದ. ಕೇಳಿದ್ದೇ ಈಗ ಎದೆಯಲ್ಲಿ ಕೂತಿರುವುದು. ಆಗ ಇಬ್ಬರೂ ಕ್ಲೆಮೆಂಟಿಯ ಒಂದೇ ಬ್ಲಾಕಿನಲ್ಲಿದ್ದರು. ಲಿಫ್ಟು ರಿಪೇರಿಯಲ್ಲಿತ್ತು. ಹಳೇ ಪೇಪರಿನ ಕಟ್ಟು ಹಿಡಿದು ಮೆಟ್ಟಿಲಿಳಿಯುತ್ತಿದ್ದ ಜಯತೀರ್ಥ ನಡುವೆ ನಿಂತುಬಿಟ್ಟ. ಕೆಳಗಿನ ತಿರುವಿನಲ್ಲಿ ಸಂಗನಬಸಪ್ಪ ಕೆಲಸದ ಬೂಟಿನಲ್ಲೇ ಮೆಟ್ಟಿಲ ಮೇಲೆ ಕೂತಿದ್ದ. ಕೈಯಲ್ಲಿ ಫೋನು, ಪರದೆಯಲ್ಲಿ ವಿಭೂತಿ ಬಳಿದು, ಮಾಲೆ ಹಾಕಿ ಕೂಡಿಸಿದ್ದ ಒಂದು ಮುದುಕಿ, ಪಕ್ಕದಿಂದ ಕಾಣುತ್ತಿದ್ದಳು. ತೀರಿಕೊಂಡಿದ್ದ ಅವನ ತಾಯಿ ಗುರುಸಿದ್ದವ್ವ. ವಿಮಾನ ಸಿಕ್ಕಿರಲಿಲ್ಲ, ಅಲ್ಲಿಯವರು ಕಾಯುವಂತಿರಲಿಲ್ಲ. ಒಳಗೆ ಮಗು ಹೆದರೀತೆಂದೋ ಪಕ್ಕದ ಮನೆಯವರು ಬಾಗಿಲು ತೆರೆದಾರೆಂದೋ ಇವನು ಮೆಟ್ಟಿಲಿಗೆ ಬಂದು ಅಳುತ್ತಿದ್ದ. "ಯವ್ವಾ... ನನ್ನವ್ವಾ... ಒಂದ ಸಲ ಹಳ್ಳಿ ನೋಡ ಬೇ... ಹಳ್ಳಿ ನೋಡ ಬೇ..." ಸಿಮೆಂಟಿನ ಗೋಡೆಗಳ ನಡುವೆ ತಾಯಿಯನ್ನು ಕರೆಯುವ ಆ 'ಬೇ' ಮೇಲಿನವರೆಗೆ ಏರಿ ಮತ್ತೆ ಕೆಳಗೆ ಬೀಳುತ್ತಿತ್ತು. ಹೊರಟು ನಿಂತ ತಾಯಿಗೆ ಮಗ ನಿನ್ನ ಹಳ್ಳಿಯನ್ನೊಮ್ಮೆ ನೋಡಿಕೋ ಅನ್ನುತ್ತಿದ್ದಾನೆ, ಎಂಥ ಮಾತು ಎನಿಸಿತು ಜಯತೀರ್ಥನಿಗೆ. ಇಳಿದು ಹೋಗಿ ಹೆಗಲ ಮೇಲೆ ಕೈಯಿಡಬಹುದಿತ್ತು. ಸದ್ದಿಲ್ಲದೆ ಮೇಲೆ ಹತ್ತಿ ಹೋಗಬಹುದಿತ್ತು. ಎರಡೂ ಮಾಡದೆ ನಿಂತೇ ಇದ್ದವನಿಗೆ, ಬಹಳ ಹೊತ್ತಿನ ಮೇಲೆ, ತನ್ನ ತುಟಿಗಳು ಅಲ್ಲಾಡುತ್ತಿವೆ ಎಂಬುದು ಗೊತ್ತಾಯಿತು. ಬೇ. ಬೇ. ಎಳೆತ ಎಲ್ಲಿ ಶುರು, ಉಸಿರು ಎಲ್ಲಿ ಒಡೆಯುತ್ತದೆ. ಪೇಪರಿನ ಕಟ್ಟು ಕೈ ಜಾರಿ ಸಣ್ಣ ಸದ್ದಾಯಿತು. ಅಳು ಚಕ್ಕನೆ ನಿಂತಿತು. ಜಯತೀರ್ಥ ಕಾಲ್ಬೆರಳ ತುದಿಯಲ್ಲಿ ಮೆಟ್ಟಿಲು ಹತ್ತಿ ಓಡಿದ. ಸಂಗನಬಸಪ್ಪ ತಲೆ ಎತ್ತಿ ನೋಡಿದ್ದನೋ ಇಲ್ಲವೋ ಅಂದಿನಿಂದ ಇಂದಿನವರೆಗೆ ಗೊತ್ತಿಲ್ಲ.

ಶಾಕಾನ ತಾಯಿ ನಂದಿ ಸತ್ತಾಗ ದೊರೆ ಇಡೀ ನಾಡು ಅಳಬೇಕೆಂದು ಕಟ್ಟಪ್ಪಣೆ ಮಾಡಿದನಂತೆ. ಬಿತ್ತಬಾರದು, ಹಾಲು ಕುಡಿಯಬಾರದು, ಅಳು ಸಾಲದವನ ತಲೆ ಉಳಿಯಬಾರದು. ಹಾಗೆಂದು ಅಲ್ಲಿದ್ದ ಬಿಳಿಯರು ಬರೆದಿಟ್ಟಿದ್ದಾರೆ. ಅದನ್ನು ಓದಿದ ದಿನ ಜಯತೀರ್ಥನಿಗೆ ಮೈ ಜುಮ್ಮೆಂದಿತ್ತು. ಅಳುವ ದೊರೆ! ಆದರೆ ಅಳು ಎಲ್ಲಿಂದ ತರುವುದು? ತನ್ನ ತಾಯಿ ತೀರಿಕೊಂಡಾಗ ಅವನ ಕಣ್ಣು ಒದ್ದೆಯಾಗಿರಲಿಲ್ಲ. ನೋಡಲು ಬಂದವರಲ್ಲಿ ಯಾರು ಹೇಗೆ ಬಿಕ್ಕುತ್ತಾರೆಂದು ಕೇಳಿಸಿಕೊಳ್ಳುತ್ತ ಕೂತಿದ್ದ. ಮೊದಲ ರಿಹರ್ಸಲಿನಲ್ಲಿ ಬಾಯಿ ತೆರೆದಾಗ ತಾನಾಗಿ ಬಂದದ್ದು ಮೆಟ್ಟಿಲಿನದು. "ಯವ್ವಾ, ಹಳ್ಳಿ ನೋಡ ಬೇ." ಹೆಂಡತಿ ಕೌಸಲ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ದೊರೆಯ ಮಲತಮ್ಮ ಡಿಂಗಾನೆಯ ಪಾತ್ರ ಮಾಡುವ ವಿಶ್ವಜಿತ್ "ಸರ್, ಗೂಸ್‌ಬಂಪ್ಸ್! ನಾರ್ತ್ ಕರ್ನಾಟಕ ಟಚ್ ಕೊಟ್ರಲ್ಲಾ, ಮಾಸ್ಟರ್ ಸ್ಟ್ರೋಕ್" ಅಂದ. ದೊರೆಯನ್ನು ಕೊನೆಗೆ ಚುಚ್ಚುವ ಸೇವಕ ಮ್ಬೋಫಾನ ಪಾತ್ರದಲ್ಲಿ ಗುರಾಣಿ ಹಿಡಿದು ಹಿಂದೆ ನಿಂತಿದ್ದ ಸಂಗನಬಸಪ್ಪ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ. ಕಟ್ಟುತ್ತಲೇ ಇದ್ದ. ಅವತ್ತೇ ಅದನ್ನು ತೆಗೆದುಹಾಕಬೇಕಿತ್ತು. ಆದರೆ ಹೊಗಳಿಕೆ ಬಿದ್ದಾಗಿತ್ತು. ತೆಗೆದರೆ ಯಾಕೆ ಅಂತ ಕೇಳುತ್ತಾರೆ, ಯಾಕೆ ಅಂದರೆ ಏನು ಹೇಳುವುದು? ಅದಕ್ಕಿಂತ ದೊಡ್ಡ ಫಜೀತಿ ಕೊನೆಯ ದೃಶ್ಯದ್ದು. ಇರಿತ ಬೀಳುವ ಮುನ್ನ ಶಾಕಾ ಕೊಲೆಗಾರರನ್ನು ಕೇಳುತ್ತಾನೆ, "ನಾನು ನಿಮಗೇನು ಮಾಡಿದೆ?" ಅಂತ. ಎಲ್ಲ ಬಿಟ್ಟು ಸಂಗನಬಸಪ್ಪನ ಮುಖ ನೋಡಿಕೊಂಡು, ಜನ ಸೇರಿದ ಕಡೆ, ಆ ಪ್ರಶ್ನೆ ಕೇಳಬೇಕು. ಅವನು ಉತ್ತರ ಹೇಳಿಬಿಟ್ಟರೆ?

ಬೂನ್ ಲೇಯ ತನ್ನ ಬ್ಲಾಕಿನ ಬುಡದ ತೆರೆದ ಜಾಗ ವಾಯ್ಡ್ ಡೆಕ್ಕಿನಲ್ಲಿ ಸಂಗನಬಸಪ್ಪ ಈಟಿಗಳ ಕಟ್ಟು ಕಾಲ ಬಳಿ ಇಟ್ಟುಕೊಂಡು ಕಾಯುತ್ತಿದ್ದ. ಜುರಾಂಗಿನ ಫ್ಯಾಬ್ರಿಕೇಶನ್ ಯಾರ್ಡೊಂದರಲ್ಲಿ ಇಂಜಿನಿಯರು. ರಂಗದ ಕಬ್ಬಿಣ, ಕಟ್ಟಿಗೆಯ ಕೆಲಸವೆಲ್ಲ ಅವನದೇ. "ನೀವ್ಯಾಕೆ ಬರೋಕೆ ಹೋದ್ರಿ ಸರ್, ನಾನೇ ತರ್ತಿದ್ದೆ" ಅಂದ. ಅಚ್ಚ ಬೆಂಗಳೂರು ಕನ್ನಡ, ಇಸ್ತ್ರಿ ಹಾಕಿದ ಅಂಗಿಯ ಹಾಗೆ. "ಸೈನ್ಯ ಬಿಟ್ಟು ದೊರೆ ಹೊರಡೋದುಂಟಾ ಸಂಗಣ್ಣಾ?" ಎಂದು ಜಯತೀರ್ಥ ನಕ್ಕ. ಇವತ್ತು ಟ್ಯಾಕ್ಸಿಯಲ್ಲಿ ಹೇಳಿಬಿಡಬೇಕು, ಅದಕ್ಕೆಂದೇ ಬಂದದ್ದು. ಸಂಗಣ್ಣಾ, ಅವತ್ತು ಮೆಟ್ಟಿಲ ಮೇಲೆ ಇದ್ದದ್ದು ನಾನು, ತಪ್ಪಾಯಿತು, ಅಷ್ಟೇ. ಹಿಂದಿನ ಸೀಟಿನಲ್ಲಿ ಇಬ್ಬರೂ ಈಟಿಗಳನ್ನು ತೊಡೆಗೆ ಅಡ್ಡ ಮಲಗಿಸಿಕೊಂಡು ಕೂತರು. ಚೀನೀ ಡ್ರೈವರ್ ಕನ್ನಡಿಯಲ್ಲಿ ನೋಡಿ "ವಾ, ಬಾಸ್, ಸೋ ಮೆನಿ ಸ್ಪಿಯರ್! ಗೋ ಫೈಟ್ ಹೂ?" ಅಂದ. ಸಂಗನಬಸಪ್ಪ ಹೆಬ್ಬೆರಳಿನಿಂದ ಜಯತೀರ್ಥನನ್ನು ತೋರಿಸಿ "ಹಿಮ್. ಹಿ ಈಸ್ ದ ಕಿಂಗ್. ವಿ ಕಿಲ್ ಹಿಮ್ ಆಫ್ಟರ್ ಟೀ" ಅಂದ. ಡ್ರೈವರು ಸ್ಟೀರಿಂಗ್ ಬಡಿದು ನಕ್ಕ. ಜಯತೀರ್ಥನೂ ನಕ್ಕ. ನಗುವಾಗ ಕೈ ಪಕ್ಕದ ಬಟ್ಟೆ ಸುತ್ತಿದ ಒಂದು ಈಟಿಗೆ ತಾಗಿತು. ಉಳಿದ ಈಟಿಗಳೆಲ್ಲ ಬೆಳ್ಳಿ ಬಣ್ಣ ಬಳಿದ ಹಲಗೆ. ಇದು ತಣ್ಣಗಿತ್ತು, ಭಾರವಿತ್ತು.

"ಇದ್ಯಾವುದು ಸಂಗಣ್ಣಾ?"

"ನಂದು ಸರ್. ನೀವೇ ಹೇಳಿದ್ರಲ್ಲಾ, ಮರದ್ದು ಮರದ ಥರಾನೇ ಕಾಣುತ್ತೆ ಅಂತ. ಯಾರ್ಡಲ್ಲಿ ಮಾಡ್ಸಿದೆ, ಸ್ಟೀಲು. ಈಗ ಬಿಚ್ಬೇಡಿ, ಸಂಜೆ ನೋಡಿ."

ರಿಹರ್ಸಲಿನ ಮೊದಲ ದಿನ ಜಯತೀರ್ಥನೇ ಪಾಠ ಮಾಡಿದ್ದ. ಶಾಕಾ ಉದ್ದದ ಎಸೆಯುವ ಈಟಿ ಬಿಡಿಸಿ ಕೈಗೆ ಕೊಟ್ಟ ಗಿಡ್ಡ ಈಟಿಗೆ ಇಕ್ಲ್ವಾ ಅನ್ನುತ್ತಾರೆ, ಮೈಯಿಂದ ಹೊರಗೆಳೆಯುವಾಗ ಆಗುವ ಸದ್ದೇ ಅದರ ಹೆಸರಂತೆ. "ಅಂದ್ರೆ ಆಯುಧಾನೂ ಮಿಮಿಕ್ರಿ ಆರ್ಟಿಸ್ಟೇ" ಎಂದು ಬಾಯಲ್ಲಿ ಆ ಸದ್ದು ಮಾಡಿ ತೋರಿಸಿದ್ದ. ಮತ್ತೊಮ್ಮೆ, ಮತ್ತೊಮ್ಮೆ ಎಂದು ಎಲ್ಲರೂ ಕೇಳಿದ್ದರು. ಈಗ ಆ ಸದ್ದು ಹೊಟ್ಟೆಯ ಒಳಗಿನಿಂದ ಕೇಳಿಸಿತು. ಸಂಗನಬಸಪ್ಪನಿಗೆ ಫೋನು ಬಂತು. ಹೆಂಡತಿ ಶ್ರೀದೇವಿ. "ಹೂಂ, ಟ್ಯಾಕ್ಸಿ ಹತ್ತೇವಿ... ಬಾಜೂಕ ಸರ ಅದಾರ... ಇಲ್ಲ, ಏನೂ ಹೇಳಿಲ್ಲ... ಆಮ್ಯಾಲೆ ಮಾತಾಡ್ತೇನಿ" ಎಂದು ದನಿ ತಗ್ಗಿಸಿ, ಫೋನು ಜೇಬಿಗಿಟ್ಟು, ಮತ್ತೆ ಇಸ್ತ್ರಿ ಮಾಡಿದ ದನಿಗೆ ಬಂದ. ಏನೂ ಹೇಳಿಲ್ಲ! ಏನನ್ನು? ಹೈವೇಯ ಮರಗಳು ಒಂದೇ ಎತ್ತರಕ್ಕೆ ಕತ್ತರಿಸಿಕೊಂಡು ಸಾಲಾಗಿ ಹಿಂದೆ ಸರಿಯುತ್ತಿದ್ದವು. ಹೇಳು, ಈಗ ಹೇಳು ಎಂದು ಜಯತೀರ್ಥ ತನಗೆ ತಾನೇ ಅಂದುಕೊಳ್ಳುತ್ತಿರುವಾಗಲೇ ಸಂಗನಬಸಪ್ಪ ಕಿಟಕಿಯ ಕಡೆ ನೋಡುತ್ತ ಕೇಳಿದ, "ಸರ್, ಒಂದು ಕೇಳ್ಲಾ? ಆ ಅಳೋ ಸೀನು. ಅದನ್ನ ಎಲ್ಲಿಂದ ಹಿಡಿದ್ರಿ?"

"ಯೂಟ್ಯೂಬು" ಎಂದಿತು ಬಾಯಿ, ಅವನನ್ನು ಕೇಳದೆ. "ಯಾವ್ದೋ ಹಳೇ ಕಂಪನಿ ನಾಟಕದ ಕ್ಲಿಪ್ಪು."

"ಹೌದಾ." ಸಂಗನಬಸಪ್ಪ ತೊಡೆಯ ಮೇಲಿನ ಈಟಿಗಳನ್ನು ಸರಿಪಡಿಸಿಕೊಂಡ. "ಅದ್ರಲ್ಲಿ ಹಳ್ಳಿ ಅಂತಾನೇ ಇತ್ತಾ ಸರ್?"

"ಮತ್ತಿನ್ನೇನು, ಸಿಟಿ ನೋಡ ಬೇ ಅಂತಿರುತ್ತಾ?"

ಸಂಗನಬಸಪ್ಪ ನಕ್ಕ. ಎಷ್ಟು ನಗಬೇಕೋ ಅಷ್ಟೇ. ಜಯತೀರ್ಥನ ಬೆನ್ನಿಗೆ ಅಂಗಿ ಅಂಟಿಕೊಂಡಿತು. ಗೊತ್ತಿಲ್ಲದವನು ಹಾಗೆ ಕೇಳುತ್ತಾನೆಯೇ? ಗೊತ್ತಿದ್ದವನು ಹಾಗೆ ನಗುತ್ತಾನೆಯೇ? ಕ್ಷಮೆ ಕೇಳಲು ಬಂದವನು ಸುಳ್ಳು ಹೇಳಿ, ಸುಳ್ಳಿನ ಮೇಲೊಂದು ಜೋಕು ಇಟ್ಟು ಬಾಗಿಲು ಹಾಕಿಕೊಂಡಿದ್ದ. ಇನ್ನು ಒಳಗಿನಿಂದ ತೆರೆಯುವಂತಿರಲಿಲ್ಲ.

ಕ್ಲೆಮೆಂಟಿಯ ಕ್ಲಬ್ಬಿನ ಹಾಲಿನ ಬಾಗಿಲು ತಳ್ಳಿದಾಗ ಒಳಗಿನ ಗುಸುಗುಸು ಕತ್ತರಿಸಿದಂತೆ ನಿಂತಿತು. ವಿಶ್ವಜಿತ್ ಗೋಡೆಯ ಕಡೆ ತಿರುಗಿ ಇಲ್ಲದ ಕೆಮ್ಮು ಕೆಮ್ಮಿದ. ಕೌಸಲ್ಯಾ ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಲಿಟಲ್ ಇಂಡಿಯಾದಲ್ಲಿ ಕೊಂಡ ಚಿರತೆಚುಕ್ಕೆಯ ಬಟ್ಟೆಯನ್ನು ಅವನ ಹೆಗಲಿಗೆ ಸಿಕ್ಕಿಸತೊಡಗಿದಳು. "ಯಾಕ್ರೀ ಇಷ್ಟು ಬೆವರ್ತಿದೀರಾ? ಏಸಿ ಹೀಗೆ ಕೊರೀತಿದೆ." ಅವನು ಪಿಸುಗುಟ್ಟಿದ, "ನಿಂಗೇನಾದ್ರೂ ಹೇಳಿದ್ರಾ?" "ಯಾರು?" "ಯಾರೂ ಇಲ್ಲ ಬಿಡು." ಅವಳ ತುಟಿಯ ಅಂಚಿನಲ್ಲಿ ಪಿನ್ನಿನ ಜೊತೆ ಇನ್ನೇನೋ ಇತ್ತು. ಒತ್ತಿ ಹಿಡಿದ ನಗೆಯೋ, ಅಸಹ್ಯವೋ. ಇವಳಿಗೂ ಗೊತ್ತು. ಎಲ್ಲರಿಗೂ ಗೊತ್ತು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು ತಿಂದ ಮುಖಗಳು ಚಹಾದ ಕಾಗದದ ಲೋಟಗಳ ಮೇಲಿನಿಂದ ಅವನನ್ನು ನೋಡಿ, ಅವನು ನೋಡಿದೊಡನೆ ಬೇರೆ ಕಡೆ ನೋಡುತ್ತಿದ್ದವು. ಕೊನೆಕೊನೆಗೆ ಶಾಕಾನಿಗೆ ಕೂಡ ಹೀಗೆಯೇ ಅನ್ನಿಸಿತ್ತೇ, ತಾನು ಬರುವ ಮೊದಲು ಏನನ್ನೋ ಮಾತಾಡಿ ಮುಗಿಸಿದ ಜನ ಮಾತ್ರ ಸುತ್ತ ಉಳಿದಿದ್ದಾರೆ ಎಂದು? "ವಿಶ್ವ, ಆ ಕೊನೇ ಲೈನು, ನಾನು ನಿಮಗೇನು ಮಾಡಿದೆ ಅನ್ನೋದು, ತೆಗೆದ್ಬಿಡೋಣ್ವಾ? ಸ್ವಲ್ಪ ಓವರ್ ಆಯ್ತೇನೋ." "ಅಯ್ಯೋ ಸರ್! ಅದೇ ಹೈಲೈಟು. ನೀವು ಅದನ್ನ ಕೇಳಿದ್ಮೇಲೇನೇ ಅಲ್ವಾ ಸಂಗಣ್ಣ ಚುಚ್ಚೋದು."

ಅಳುವ ದೃಶ್ಯ ಬಂತು. ಜಯತೀರ್ಥ ಕೊನೆಯ ಗಳಿಗೆಯಲ್ಲಿ ಧೈರ್ಯ ಮಾಡಿ ತನ್ನದೇ "ಅಮ್ಮಾ" ತೆಗೆದ. ಅದು ಕಾಲುಬೆರಳು ಮೇಜಿಗೆ ಬಡಿದವನ ಅಮ್ಮಾ ಆಗಿ ಬಿದ್ದಿತು. ಯಾರೋ ಕಿಸಕ್ಕೆಂದರು. "ರೀ, ಹಳೇದೇ ಇರ್ಲಿ, ಅದೇ ಚೆನ್ನಾಗಿತ್ತು" ಎಂದಳು ಕೌಸಲ್ಯಾ. ಎಲ್ಲರೂ ಕಾಯುತ್ತಿದ್ದರು. ಅವನು ಕಣ್ಣು ಮುಚ್ಚಿ ಮೆಟ್ಟಿಲ ತಿರುವಿಗೆ ಹೋಗಿ ನಿಂತ. "ಯವ್ವಾ... ಹಳ್ಳಿ ನೋಡ ಬೇ..." ಆಮೇಲೆ ದೊರೆ ಒಬ್ಬೊಬ್ಬರ ಮುಂದೆ ನಿಂತು ಅವರ ಕಣ್ಣು ಪರೀಕ್ಷಿಸಬೇಕು. ಒಣಕಣ್ಣಿನವನಿಗೆ ಬೆರಳು ತೋರಿಸಬೇಕು, ಅವನು ಸತ್ತ. ವಿಶ್ವಜಿತ್ ಮುಖ ಹಿಂಡಿಕೊಂಡು ಅಳುತ್ತಿದ್ದ. ಅವನಾಚೆಯವರು ಕಣ್ಣ ಕೆಳಗೆ ಉಗುಳು ಹಚ್ಚಿಕೊಂಡಿದ್ದರು. ಸಾಲಿನ ಕೊನೆಗೆ ಸಂಗನಬಸಪ್ಪ, ಮ್ಬೋಫಾ ಕೂಡ ಅಳಬೇಕಾದವನೇ. ಅವನ ಕಣ್ಣು ಪೂರ್ತಿ ಒಣಗಿದ್ದವು, ರೆಪ್ಪೆ ಹೊಡೆಯದೆ ನೇರ ನೋಡುತ್ತಿದ್ದವು, ಸಿಟ್ಟಿರಲಿಲ್ಲ, ಏನೋ ತಪ್ಪು ಲೆಕ್ಕ ಕಂಡವನು ಹೇಳಲೋ ಬೇಡವೋ ಅಂದುಕೊಳ್ಳುವಾಗ ನೋಡುವ ಹಾಗೆ. ಜಯತೀರ್ಥನ ಬೆರಳು ಮೇಲೇಳಲಿಲ್ಲ. ದೊರೆ ಆ ಒಬ್ಬನನ್ನು ಬಿಟ್ಟು ಸಿಂಹಾಸನದ ಕಡೆ ಹೋದ. ತಪ್ಪಿದ್ದನ್ನು ಯಾರೂ ಎತ್ತಿ ಆಡಲಿಲ್ಲ. ಅದಂತೂ ಅವನನ್ನು ಇನ್ನಷ್ಟು ಹೆದರಿಸಿತು.

ಕೊನೆಯ ದೃಶ್ಯಕ್ಕೆ ಅವನು ಪ್ಲಾಸ್ಟಿಕ್ ಸ್ಟೂಲಿನ ಸಿಂಹಾಸನದಲ್ಲಿ ಕೂತ. ಎಡಗಡೆಯಿಂದ ವಿಶ್ವಜಿತ್, ಬಲಗಡೆಯಿಂದ ಸಂಗನಬಸಪ್ಪ. ಬಟ್ಟೆಯ ಸುತ್ತು ಬಿಚ್ಚಿ ನೆಲಕ್ಕೆ ಬಿತ್ತು. ಅಂಗೈಯಗಲದ ಉಕ್ಕಿನ ಅಲಗಿನ ಮೇಲೆ ಟ್ಯೂಬ್‌ಲೈಟು ಉದ್ದಕ್ಕೆ ಮಲಗಿತ್ತು. ಇದು ನಾಟಕ, ಇವನು ಮ್ಬೋಫಾ, ಇದು ಕ್ಲೆಮೆಂಟಿ, ಕೆಳಗೆ ಹಾಕರ್ ಸೆಂಟರಿನಲ್ಲಿ ಜನ ನೂಡಲ್ಸ್ ತಿನ್ನುತ್ತಿದ್ದಾರೆ ಎಂದುಕೊಂಡ. ಇವನ ತಾಯಿಯ ಮುಂದೆ ನಾನು ನಿಂತು ಕದ್ದೆ, ಇವನಿಗೆ ಗೊತ್ತು ಎಂದೂ ಅನ್ನಿಸಿತು. ಸಂಗನಬಸಪ್ಪನ ಉಸಿರು ಹತ್ತಿರ ಬಂತು, ಚಹಾದ ವಾಸನೆಯಿತ್ತು. ಈಗ ಕೇಳಬೇಕು. "ನಾನು..." ಎಂದ. "ನಾನು..." ಎಂದ ಮತ್ತೆ. ಸಂಗನಬಸಪ್ಪ ಕಾಯಲಿಲ್ಲ. ಅಲಗು ಚಿರತೆಚುಕ್ಕೆಯ ಬಟ್ಟೆಗೆ ತಾಗಿತು, ಒಳಗೆ ಹೋಯಿತು, ಹಿಡಿಯವರೆಗೂ ಹೋಯಿತು. ಜಯತೀರ್ಥ ಬಗ್ಗಿ ಅದನ್ನು ಕಣ್ಣಾರೆ ನೋಡಿದ. "ಯವ್ವಾ!" ಎಂಬ ಕೂಗು ಹೊರಬಿತ್ತು. "ಯವ್ವಾ... ಬ್ಯಾಡ ಬೇ... ಯವ್ವಾ..." ಸ್ಟೂಲು ಉರುಳಿತು. ನೆಲದ ಮೇಲೆ ಮಂಡಿ ಮಡಚಿ, ಎರಡೂ ಕೈಯಿಂದ ಹೊಟ್ಟೆ ಹಿಡಿದು ಬಿದ್ದವನಿಗೆ ಬೆರಳ ಸಂದಿಯ ಒದ್ದೆ ರಕ್ತವೆಂದೇ ಅನ್ನಿಸಿತು, ಬೆವರೆಂದು ತಿಳಿಯಲು ಬಹಳ ಹೊತ್ತು ಹಿಡಿಯಿತು. ನೋವೇ ಇಲ್ಲವಲ್ಲ, ಸಾಯುವುದು ಇಷ್ಟು ಸಲೀಸೇ ಎಂದು ಆಶ್ಚರ್ಯಪಡುತ್ತಿರುವಾಗ ಹಾಲಿನ ಮೂಲೆಯಿಂದ ಒಂದು ನಗು ಸಿಡಿಯಿತು, ಅದರ ಹಿಂದೆಯೇ ಎಲ್ಲ ಮೂಲೆಗಳಿಂದ.

"ಸ್ಪ್ರಿಂಗು ಸರ್, ಸ್ಪ್ರಿಂಗು!" ವಿಶ್ವಜಿತ್ ಹೊಟ್ಟೆ ಹಿಡಿದುಕೊಂಡಿದ್ದ. "ಅಲಗು ಒಳಗೆ ಹೋಗತ್ತೆ! ನೋಡಿ!" ಸಂಗನಬಸಪ್ಪ ಅಲಗಿನ ತುದಿಯನ್ನು ಬೆರಳಿನಿಂದ ಒತ್ತಿದ, ಅದು ಹಿಡಿಯೊಳಗೆ ಜಾರಿತು. ಬಿಟ್ಟ, ಕ್ಲಕ್ ಎಂದು ಹೊರಬಂತು. "ನಿಮ್ಗೆ ಹೇಳ್ಬಾರ್ದು ಅಂತ ಸಂಗಣ್ಣ ನಮ್ಮೆಲ್ಲರ ಹತ್ರ ಆಣೆ ಹಾಕಿಸ್ಕೊಂಡಿದ್ರು ಕಣ್ರೀ. ಬೆಳಗ್ಗೆಯಿಂದ ನಗು ತಡಕೊಂಡು ಸಾಕಾಗಿತ್ತು" ಎಂದು ಕೌಸಲ್ಯಾ ಕಣ್ಣು ಒರೆಸಿಕೊಂಡಳು. ಸುತ್ತ ಫೋನುಗಳು ಮೇಲೆದ್ದಿದ್ದವು. ಇಷ್ಟೇ! ಗುಸುಗುಸು ಇಷ್ಟಕ್ಕೇ, ಫೋನಿನಲ್ಲಿ ಶ್ರೀದೇವಿಗೆ ಹೇಳಿದ್ದೂ ಇಷ್ಟನ್ನೇ! ಜಯತೀರ್ಥನ ಎದೆಯಿಂದ ಬೆಳಗಿನ ಹೊರೆ ಪೂರ್ತಿ ಇಳಿದು, ಸಾಧಾರಣ ಮನುಷ್ಯನ ಸಾಧಾರಣ ನಾಚಿಕೆ ಮಾತ್ರ ಉಳಿಯುತ್ತಿದ್ದ ಹಾಗೆಯೇ ಸಂಗನಬಸಪ್ಪ ಬಗ್ಗಿ ಅವನ ರಟ್ಟೆಗೆ ಕೈ ಕೊಟ್ಟ. ಎಬ್ಬಿಸುತ್ತ, ಎಲ್ಲರಿಗೂ ಕೇಳುವ ಹಾಗೆ, ಬಳಗದಲ್ಲಿ ವರ್ಷಗಟ್ಟಲೆ ಆಡದಿದ್ದ ದನಿಯಲ್ಲಿ ಹೇಳಿದ:

"ಸರ, ನಾಳಿಗೆ ಒಂದ್ ತಿದ್ದಿಕೋರಿ. ಅದು ಹಳ್ಳಿ ಅಲ್ರಿ. ಹೊಳ್ಳಿ. ಹೊಳ್ಳಿ ನೋಡ ಬೇ."

"ಹಳ್ಳಿ, ಹೊಳ್ಳಿ!" ವಿಶ್ವಜಿತ್ ಚಪ್ಪಾಳೆ ತಟ್ಟಿದ. "ಅಯ್ಯಯ್ಯೋ, ಸಂಗಣ್ಣಾನೂ ಪನ್ ಹೊಡಿಯೋಕೆ ಶುರು ಮಾಡಿದ್ರಪ್ಪೋ! ಸರ್, ನಿಮ್ ಸೀಟಿಗೇ ಕಾಂಪಿಟಿಷನ್ನು!" ಮತ್ತೊಂದು ನಗು ಎದ್ದಿತು, ಮೊದಲಿನದಕ್ಕಿಂತ ದೊಡ್ಡದು.

ಆ ಗದ್ದಲದ ನಡುವೆ, ಹೆಗಲ ಮೇಲಿನ ಚಿರತೆಬಟ್ಟೆ ಸರಿಪಡಿಸುವ ನೆಪದಲ್ಲಿ, ಸಂಗನಬಸಪ್ಪ ಕಿವಿಯ ಹತ್ತಿರ ಬಂದ. "ತಿರುಗಿ ನೋಡು ಅಂತ ಸರ. ಫೋನ್ ಹಿಡದಾಂವ ಬಾಜೂಕ ನಿಂತಿದ್ದ. ಅವ್ವನ ಮಾರಿ ಆ ಕಡಿ ಇತ್ರಿ, ನನಗ ಕಾಣವಲ್ದು. ಒಮ್ಮೆರ ಹೊಳ್ಳಿ ನೋಡ್ಲಿ ಅಂತ ಕರದೆ." ಅಷ್ಟು ಹೇಳಿ, ಬಟ್ಟೆಯ ಪಿನ್ನು ಚುಚ್ಚದ ಹಾಗೆ ಒತ್ತಿ ಕೂಡಿಸಿ, ಒಂದು ಹೆಜ್ಜೆ ಹಿಂದೆ ಹೋಗಿ ನಿಂತ. ಕೈಯಲ್ಲಿ ಈಟಿ ಇತ್ತು. ಅಲಗನ್ನು ಒತ್ತುವುದು, ಬಿಡುವುದು. ಕ್ಲಕ್. ಕ್ಲಕ್.

ಹಾಲಿನ ತುಂಬ ಎಲ್ಲರೂ ಜಯತೀರ್ಥನನ್ನೇ ನೋಡುತ್ತಿದ್ದರು, ಪಂಚ್ ಲೈನಿಗೆ ಅವನು ಏನು ತಿರುಗೇಟು ಕೊಡುತ್ತಾನೆಂದು, ಫೋನು ಹಿಡಿದುಕೊಂಡು, ನಗಲು ಸಿದ್ಧರಾಗಿ. ಬೆನ್ನ ಹಿಂದೆ ಸಂಗನಬಸಪ್ಪ ನಿಂತಿದ್ದ. ಹೊಳ್ಳಿ ನೋಡಿದರೆ ಅವನ ಮುಖ ಕಾಣುತ್ತದೆ. ಜಯತೀರ್ಥ ಬಾಯಿ ತೆರೆದ. ಯಾರ ದನಿಯೂ ಬರಲಿಲ್ಲ, ರೈಲಿನದಿಲ್ಲ, ಬಾಸಿನದಿಲ್ಲ, ಭಟ್ಟರದಿಲ್ಲ. ಆಮೇಲೆ ಒಂದು ನಗು ಬಂತು. ತಲೆ ಹಿಂದಕ್ಕೆ ಎಸೆದು, ಹೊಟ್ಟೆಯ ಬಟ್ಟೆ ಅಲ್ಲಾಡುವಂತೆ ನಕ್ಕ, ವಿಶ್ವಜಿತನಿಗಿಂತ ಜೋರಾಗಿ, ಎಲ್ಲರಿಗಿಂತ ಜೋರಾಗಿ. ಒಬ್ಬೊಬ್ಬರಾಗಿ ನಕ್ಕು ಸುಸ್ತಾಗಿ ನಿಲ್ಲಿಸಿದರು, ಫೋನುಗಳು ಕೆಳಗಿಳಿದವು, ಯಾರೋ ಸ್ಟೂಲು ಎತ್ತಿ ನಿಲ್ಲಿಸಿದರು. "ಸಾಕು ರೀ" ಎಂದಳು ಕೌಸಲ್ಯಾ, ಮೊದಲು ನಗುತ್ತ, ಆಮೇ‍ಲೆ ನಗದೆ. ಅವನು ನಗುತ್ತಲೇ ಇದ್ದ, ಕಣ್ಣಿಂದ ನೀರು ಸುರಿಯುತ್ತಿತ್ತು, ಕತ್ತು ಮಾತ್ರ ಮುಂದಕ್ಕೇ ನೆಟ್ಟುಹೋಗಿತ್ತು.